ದಶಮಾಂಶದಿಂದ ಭಿನ್ನರಾಶಿಗೆ: ಓದುಗರ ಗಣಿತ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಯ ಅಂಕಣಕ್ಕೆ ಬಳ್ಳಾರಿ, ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಓದುಗರು ಕಳುಹಿಸಿದ ಪ್ರಶ್ನೆಗಳನ್ನು ಆಯ್ದುಕೊಂಡಿದ್ದೇನೆ. ಶಾಲೆಯ ಲೆಕ್ಕ, ಹೊಲದ ಅಳತೆ, ಚಿನ್ನದ ಶುದ್ಧತೆ ಹೀಗೆ ವಿಷಯಗಳು ಬೇರೆ ಬೇರೆಯಾಗಿ ಕಂಡರೂ ಎಲ್ಲರ ತೊಡಕೂ ದಶಮಾಂಶ ಸಂಖ್ಯೆಯನ್ನು ಸರಳ ಭಿನ್ನರಾಶಿಯಾಗಿ ಬರೆಯುವುದಕ್ಕೆ ಸಂಬಂಧಿಸಿದ್ದಾಗಿದೆ.

ಪ್ರಶ್ನೆ: 0.48 ಅನ್ನು ಭಿನ್ನರಾಶಿಗೆ ಪರಿವರ್ತಿಸುವಾಗ 48/100 ಎಂದು ಬರೆದು, 2ರಿಂದ ಭಾಗಿಸಿ, 24/50 ಎಂದು ನಿಲ್ಲಿಸಿದೆ. ಉತ್ತರ 12/25 ಆಗಬೇಕಿತ್ತೆಂದು ಅಂಕ ಕಡಿಮೆಯಾಯಿತು. ಇನ್ನೂ ಭಾಗವಾಗುತ್ತದೆಯೋ ಇಲ್ಲವೋ ಎಂದು ತಿಳಿಯಲು 2, 3, 5, 7 ಎಂದು ಪ್ರತಿ ಸಲವೂ ಎಲ್ಲ ಸಂಖ್ಯೆಗಳಿಂದ ಪರೀಕ್ಷಿಸಬೇಕೆ?
— ಏಳನೇ ತರಗತಿಯ ವಿದ್ಯಾರ್ಥಿನಿ, ಕುಷ್ಟಗಿ

ಉತ್ತರ: ನೀನು ಬರೆದ 24/50ರ ಬೆಲೆ ತಪ್ಪಲ್ಲ, 48/100, 24/50, 12/25 ಈ ಮೂರೂ ಸಮಾನ ಭಿನ್ನರಾಶಿಗಳೇ. ಆದರೆ ‘ಅತ್ಯಂತ ಸರಳ ರೂಪ’ದಲ್ಲಿ ಬರೆಯಲು ಹೇಳಿದ್ದರೆ, ಅಂಶವನ್ನೂ ಛೇದವನ್ನೂ ಒಟ್ಟಿಗೆ ಭಾಗಿಸಬಲ್ಲ ಸಂಖ್ಯೆ 1ರ ಹೊರತು ಬೇರೊಂದು ಉಳಿಯದವರೆಗೆ ಭಾಗಿಸುತ್ತಾ ಹೋಗಬೇಕು. ಹಾಗೆಂದು ಎಲ್ಲ ಸಂಖ್ಯೆಗಳಿಂದಲೂ ಪರೀಕ್ಷಿಸುವ ಶ್ರಮ ಬೇಕಾಗಿಲ್ಲ, ಮತ್ತು ಏಕೆ ಬೇಕಾಗಿಲ್ಲ ಎಂಬುದನ್ನು ನೀನು ಒಮ್ಮೆ ಮನಗಂಡರೆ ಈ ಬಗೆಯ ಲೆಕ್ಕದಲ್ಲಿ ಮುಂದೆಂದೂ ಅನುಮಾನ ಬಾರದು.

ದಶಮಾಂಶ ಸಂಖ್ಯೆಯನ್ನು ಭಿನ್ನರಾಶಿಯಾಗಿ ಬರೆದಾಗ ಛೇದವಾಗಿ ಬರುವುದು 10, 100, 1000 ಇಂಥ ಸಂಖ್ಯೆಗಳು ಮಾತ್ರ. ಬಿಂದುವಿನ ಬಲಕ್ಕೆ ಎಷ್ಟು ಅಂಕಿಗಳಿವೆಯೋ 1ರ ಮುಂದೆ ಅಷ್ಟು ಸೊನ್ನೆಗಳು. ಹತ್ತು ಎಂದರೆ 2 × 5. ನೂರರಲ್ಲಿ ಎರಡು 2, ಎರಡು 5. ಸಾವಿರದಲ್ಲಿ ಮೂರು 2, ಮೂರು 5. ಇವುಗಳಲ್ಲಿ 3 ಇಲ್ಲ, 7 ಇಲ್ಲ, 2 ಮತ್ತು 5ರ ಹೊರತು ಬೇರೆ ಯಾವ ಅವಿಭಾಜ್ಯ ಸಂಖ್ಯೆಯೂ ಇಲ್ಲ. ಛೇದದಲ್ಲಿ ಇಲ್ಲದ ಅಪವರ್ತನ ಅಂಶದಲ್ಲಿದ್ದರೂ ಅದನ್ನು ಹೊಡೆದುಹಾಕಲು ಬರುವುದಿಲ್ಲ. ಆದ್ದರಿಂದ 0.51 ಅನ್ನು ಕಂಡೊಡನೆ ‘51 ಮೂರರಿಂದ ಭಾಗವಾಗುತ್ತದೆ’ ಎಂದು ಮನಸ್ಸು ಹೇಳಿದರೂ ಅದು ಉಪಯೋಗಕ್ಕೆ ಬಾರದ ಮಾಹಿತಿ. 51/100 ಆಗಲೇ ಸರಳ ರೂಪದಲ್ಲಿದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. 0.480 ಎಂದಿದ್ದರೆ ಕೊನೆಯ ಸೊನ್ನೆಯನ್ನು ಮೊದಲೇ ತೆಗೆದು 0.48 ಎಂದು ಬರೆದುಕೊ. ಈಗ ಕೊನೆಯ ಅಂಕಿ ಸೊನ್ನೆಯಲ್ಲ. ಎಂದರೆ ಅಂಶವು 10ರಿಂದ ಭಾಗವಾಗುವುದಿಲ್ಲ. ಎಂದರೆ ಅದು 2 ಮತ್ತು 5 ಎರಡರಿಂದಲೂ ಏಕಕಾಲಕ್ಕೆ ಭಾಗವಾಗಲಾರದು. ಹೀಗಾಗಿ ಕೊನೆಯ ಅಂಕಿಯನ್ನು ನೋಡಿದರೆ ಸಾಕು, ಮುಂದಿನ ದಾರಿ ತಿಳಿಯುತ್ತದೆ. ಅದು 1, 3, 7 ಅಥವಾ 9 ಆಗಿದ್ದರೆ ಭಿನ್ನರಾಶಿ ಆಗಲೇ ಸರಳವಾಗಿದೆ. ಅದು 2, 4, 6 ಅಥವಾ 8 ಆಗಿದ್ದರೆ 2ರಿಂದ ಮಾತ್ರ ಭಾಗಿಸಬೇಕು. ಅದು 5 ಆಗಿದ್ದರೆ 5ರಿಂದ ಮಾತ್ರ. ಎಷ್ಟು ಸಲ ಎಂಬುದಕ್ಕೂ ಮಿತಿಯಿದೆ: ಬಿಂದುವಿನ ನಂತರ ಇರುವ ಅಂಕಿಗಳ ಸಂಖ್ಯೆಗಿಂತ ಹೆಚ್ಚು ಸಲ ಭಾಗಿಸಲು ಛೇದದಲ್ಲಿ ಅಷ್ಟು 2 ಅಥವಾ 5 ಇರುವುದೇ ಇಲ್ಲ.

ನಿನ್ನ ಲೆಕ್ಕದಲ್ಲಿ ಕೊನೆಯ ಅಂಕಿ 8. ಎರಡು ಅಂಕಿಗಳಿರುವುದರಿಂದ ಹೆಚ್ಚೆಂದರೆ ಎರಡು ಸಲ 2ರಿಂದ ಭಾಗಿಸಬೇಕು: 48/100, 24/50, 12/25. ಇಲ್ಲಿ 12 ಇನ್ನೂ ಸಮಸಂಖ್ಯೆಯಾಗಿದ್ದರೂ 25ರಲ್ಲಿ 2 ಉಳಿದಿಲ್ಲ, ಆದ್ದರಿಂದ ಮುಗಿಯಿತು. 0.375ರಲ್ಲಿ ಕೊನೆಯ ಅಂಕಿ 5. ಮೂರು ಸಲ 5ರಿಂದ ಭಾಗಿಸಿದರೆ 375/1000, 75/200, 15/40, 3/8 ಎಂದು ಇಳಿಯುತ್ತದೆ. ಪೂರ್ಣಸಂಖ್ಯೆ ಇದ್ದರೆ ಅದನ್ನು ಬದಿಗಿಟ್ಟು, ಬಿಂದುವಿನ ನಂತರದ ಭಾಗವನ್ನಷ್ಟೇ ಸರಳಗೊಳಿಸಿ ಮತ್ತೆ ಸೇರಿಸಬಹುದು: 4.36 ಎಂದರೆ 4 ಪೂರ್ಣ 9/25, ಬೇಕಿದ್ದರೆ 109/25.

ಪ್ರಶ್ನೆ: ನಮ್ಮ ಹೊಲ ಇರುವುದು ಸಿರುಗುಪ್ಪ ತಾಲ್ಲೂಕಿನಲ್ಲಿ. ಈಚೆಗೆ ನಾವು ಮೂವರು ಅಣ್ಣತಮ್ಮಂದಿರು ಕೂಡಿ ಸಿಂಧನೂರು ಕಡೆ ಒಂದು ಹೊಲ ನೋಡಿದ್ದೇವೆ. ಕಾಗದದಲ್ಲಿ ವಿಸ್ತೀರ್ಣ 3.20 ಎಂದಿದೆ. ನಾನು ಇದನ್ನು 3 ಪೂರ್ಣ 1/5 ಎಕರೆ ಎಂದು ಲೆಕ್ಕ ಹಾಕಿದರೆ, ಸರ್ವೇಯರ್ ಅವರು ಮೂರೂವರೆ ಎಕರೆ ಎನ್ನುತ್ತಾರೆ. ಯಾವುದು ಸರಿ? ಮೂವರಲ್ಲಿ ಹಂಚಿಕೊಂಡರೆ ಒಬ್ಬೊಬ್ಬರ ಪಾಲು ಎಷ್ಟು?
— ರೈತರೊಬ್ಬರು, ಸಿರುಗುಪ್ಪ ತಾಲ್ಲೂಕು

ಉತ್ತರ: ಈ ಪ್ರಶ್ನೆಯನ್ನು ನೀವು ಖರೀದಿಗೆ ಮೊದಲೇ ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಇಲ್ಲಿ ಸರ್ವೇಯರ್ ಅವರ ಮಾತೇ ಸರಿ. ನಿಮ್ಮ ಭಾಗಾಕಾರದಲ್ಲಿ ದೋಷವಿಲ್ಲ, 3.20 ದಶಮಾಂಶ ಸಂಖ್ಯೆಯಾಗಿದ್ದರೆ ಅದು ಖಂಡಿತವಾಗಿಯೂ 3 ಪೂರ್ಣ 1/5. ಆದರೆ ಆ ಕಾಗದದಲ್ಲಿರುವುದು ದಶಮಾಂಶ ಸಂಖ್ಯೆಯೇ ಅಲ್ಲ. ಅಲ್ಲಿನ ಬಿಂದು ಎರಡು ಮಾನಗಳನ್ನು ಬೇರ್ಪಡಿಸುವ ಗುರುತು ಮಾತ್ರ: ಎಡಕ್ಕೆ ಎಕರೆ, ಬಲಕ್ಕೆ ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ 3.20 ಎಂದರೆ 3 ಎಕರೆ 20 ಗುಂಟೆ, ಎಂದರೆ 3 ಪೂರ್ಣ 20/40, ಸರಳಗೊಳಿಸಿದರೆ ಮೂರೂವರೆ ಎಕರೆ.

ನಿಮಗೆ ಗೊಂದಲವಾದದ್ದು ಸಹಜ, ಮತ್ತು ಅದಕ್ಕೆ ಚರಿತ್ರೆಯ ಕಾರಣವೂ ಇದೆ. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಆ ಆಡಳಿತದ ಎಕರೆ-ಸೆಂಟ್ಸ್ ಲೆಕ್ಕ ನಿಮ್ಮ ಕಡೆ ಇಂದಿಗೂ ಬಳಕೆಯಲ್ಲಿದೆ. ನೂರು ಸೆಂಟ್ಸಿಗೆ ಒಂದು ಎಕರೆಯಾದ್ದರಿಂದ ನಿಮ್ಮ ಹೊಲದ ಕಾಗದದಲ್ಲಿ 3.20 ಎಂದಿದ್ದರೆ ಅದನ್ನು ದಶಮಾಂಶವೆಂದೇ ಓದಿ 3 ಪೂರ್ಣ 20/100, ಅಂದರೆ 3 ಪೂರ್ಣ 1/5 ಎಂದು ಬರೆಯಬಹುದು. ರಾಯಚೂರು ಮತ್ತು ಇಂದಿನ ಕೊಪ್ಪಳ ಜಿಲ್ಲೆಯ ಪ್ರದೇಶ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಲ್ಲಿನ ಪಹಣಿಯಲ್ಲಿ ಎಕರೆಯ ಕೆಳಗೆ ಗುಂಟೆ, ಗುಂಟೆಯ ಕೆಳಗೆ ಆಣೆ. ತುಂಗಭದ್ರೆಯ ಈ ದಡದಲ್ಲಿ ಬರೆದ 3.20ಕ್ಕೂ ಆ ದಡದಲ್ಲಿ ಬರೆದ 3.20ಕ್ಕೂ ಹೀಗೆ 3/10 ಎಕರೆಯ ಅಂತರವಿದೆ. ಅದು 12 ಗುಂಟೆ. ಒಂದು ಗುಂಟೆಗೆ 33 ಅಡಿ ಉದ್ದ, 33 ಅಡಿ ಅಗಲದಂತೆ 1,089 ಚದರ ಅಡಿ ಹಿಡಿದರೆ 13,068 ಚದರ ಅಡಿ. ಆದ್ದರಿಂದ ಯಾವ ದಾಖಲೆಯೇ ಆಗಲಿ, ಅಂಕಿಗಳನ್ನು ನೋಡುವ ಮೊದಲು ಆ ಅಂಕಣದ ತಲೆಬರಹದಲ್ಲಿ ಸೆಂಟ್ಸ್ ಎಂದಿದೆಯೋ ಗುಂಟೆ ಎಂದಿದೆಯೋ ನೋಡಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಬಿಂದುವಿನ ಬಲಕ್ಕೆ 40 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಕಂಡರೆ ಅದು ಗುಂಟೆಯಲ್ಲ ಎಂದು ಹೇಳಬಹುದು. ಆದರೆ 40ಕ್ಕಿಂತ ಚಿಕ್ಕದಿದ್ದರೆ ಅಂಕಿಯನ್ನು ನೋಡಿ ನಿರ್ಧರಿಸಲು ಸಾಧ್ಯವಿಲ್ಲ.

ಕೂಡುವಾಗಲೂ ಇದೇ ಎಚ್ಚರ ಬೇಕು. ಒಂದು ತುಂಡು 1 ಎಕರೆ 30 ಗುಂಟೆ, ಇನ್ನೊಂದು 2 ಎಕರೆ 25 ಗುಂಟೆ ಇದ್ದರೆ, ಮೊಬೈಲಿನಲ್ಲಿ 1.30 ಮತ್ತು 2.25 ಎಂದು ಒತ್ತಿ ಕೂಡಿದಾಗ ಬರುವ 3.55ಕ್ಕೆ ಅರ್ಥವೇ ಇಲ್ಲ. 55 ಗುಂಟೆಯಲ್ಲಿ 40 ಗುಂಟೆಯನ್ನು ಒಂದು ಎಕರೆಯಾಗಿ ತೆಗೆದರೆ ಮೊತ್ತ 4 ಎಕರೆ 15 ಗುಂಟೆ. ಇದನ್ನು ನಿಜವಾದ ದಶಮಾಂಶವಾಗಿ ಬರೆಯಬೇಕೆಂದರೆ 15/40 = 3/8 = 0.375 ಆಗುವುದರಿಂದ 4.375 ಎಕರೆ. ಹಿಂದಕ್ಕೆ ಬರುವಾಗ 0.375 ಅನ್ನು 40ರಿಂದ ಗುಣಿಸಿದರೆ ಮತ್ತೆ 15 ಗುಂಟೆ ಸಿಗುತ್ತದೆ. ಒಂದು ಗುಂಟೆ ಎಂದರೆ 0.025 ಎಕರೆ, ಅಥವಾ ಎರಡೂವರೆ ಸೆಂಟ್ಸ್.

ಇನ್ನು ಪಾಲಿನ ಮಾತು. ಮೂರೂವರೆ ಎಕರೆ ಎಂದರೆ 7/2. ಮೂವರಿಗೆ ಹಂಚಿದರೆ ತಲಾ 7/6 ಎಕರೆ. ದಶಮಾಂಶದಲ್ಲಿ ಇದು 1.1666… ಎಂದು ಕೊನೆಯಿಲ್ಲದೆ ಸಾಗುತ್ತದೆ. ಅದನ್ನು 1.17 ಎಂದು ಬರೆದುಕೊಂಡರೆ ಮೂರು ಪಾಲಿನ ಮೊತ್ತ 3.51 ಎಕರೆಯಾಗಿ, ಇಲ್ಲದ ಒಂದು ಸೆಂಟ್, ಅಂದರೆ 435.6 ಚದರ ಅಡಿ, ಕಾಗದದಲ್ಲಿ ಹುಟ್ಟಿಕೊಳ್ಳುತ್ತದೆ. ಆದ್ದರಿಂದ ಪಾಲನ್ನು 7/6 ಎಂದೇ ಇಟ್ಟುಕೊಂಡು, ಅಳತೆಗೆ ಇಳಿಯುವಾಗ ಮಾತ್ರ ಪರಿವರ್ತಿಸಿರಿ: ತಲಾ 1 ಎಕರೆ 6 ಗುಂಟೆ, ಮೇಲೆ ಗುಂಟೆಯ ಮೂರರಲ್ಲಿ ಎರಡು ಪಾಲು. 16 ಆಣೆಗೆ ಒಂದು ಗುಂಟೆಯಂತೆ ಆ ಕೊನೆಯ ಭಾಗ 10 ಆಣೆಗಿಂತ ಸ್ವಲ್ಪ ಹೆಚ್ಚು.

ಪ್ರಶ್ನೆ: 22 ಕ್ಯಾರೆಟ್ ಬಂಗಾರದ ಮೇಲೆ 916 ಎಂಬ ಮುದ್ರೆ ಇರುತ್ತದೆ. 22/24 ಅನ್ನು ಸರಳಗೊಳಿಸಿದರೆ 11/12 ಬರುತ್ತದೆ. ಆದರೆ 0.916 ಅನ್ನು ಭಿನ್ನರಾಶಿ ಮಾಡಿದರೆ 229/250 ಬರುತ್ತದೆ. ಎರಡೂ ಒಂದೇ ಬಂಗಾರವಾದರೆ ಎರಡು ಭಿನ್ನರಾಶಿಗಳು ಏಕೆ?
— ಗೃಹಿಣಿ, ರಾಯಚೂರು

ಉತ್ತರ: ನಿಮ್ಮ ಎರಡೂ ಲೆಕ್ಕಗಳು ಸರಿಯಾಗಿವೆ, ಮತ್ತು ಅವುಗಳ ನಡುವಿನ ಭೇದವನ್ನು ಗಮನಿಸಿದ್ದಕ್ಕಾಗಿ ನಿಮ್ಮನ್ನು ಮನಸಾರೆ ಅಭಿನಂದಿಸುತ್ತೇನೆ. ಕ್ಯಾರೆಟ್ ಲೆಕ್ಕದಲ್ಲಿ ಪೂರ್ಣ ಶುದ್ಧ ಚಿನ್ನವನ್ನು 24 ಭಾಗ ಎಂದು ಎಣಿಸುತ್ತಾರೆ. 22 ಕ್ಯಾರೆಟ್ ಎಂದರೆ ಅದರಲ್ಲಿ 22 ಭಾಗ ಚಿನ್ನ. ಹಾಲ್‌ಮಾರ್ಕ್ ಮುದ್ರೆಯಲ್ಲಿರುವುದು ಸಾವಿರಕ್ಕೆ ಎಷ್ಟು ಭಾಗ ಎಂಬ ಲೆಕ್ಕ. 11ನ್ನು 12ರಿಂದ ಭಾಗಿಸಿದರೆ 0.91666… ಎಂದು 6 ಮುಗಿಯದೆ ಬರುತ್ತಲೇ ಇರುತ್ತದೆ, ಏಕೆಂದರೆ 12ರ ಅಪವರ್ತನಗಳಲ್ಲಿ 3 ಇದೆ, ಮತ್ತು 3 ಇರುವ ಛೇದವನ್ನು ಎಷ್ಟೇ ಗುಣಿಸಿದರೂ 10, 100, 1000 ಆಗಿಸಲು ಸಾಧ್ಯವಿಲ್ಲ. ಮುದ್ರೆಯಲ್ಲಿ ಮೂರೇ ಅಂಕಿಗಳಿಗೆ ಜಾಗವಿರುವುದರಿಂದ ಮುಂದಿನದನ್ನು ಬಿಟ್ಟು 916 ಎಂದು ಹಾಕುತ್ತಾರೆ.

ಎರಡು ಭಿನ್ನರಾಶಿಗಳ ವ್ಯತ್ಯಾಸ 11/12 − 229/250 = 2/3000, ಅಂದರೆ 1/1500. ಹತ್ತು ಗ್ರಾಂ ಒಡವೆಯಲ್ಲಿ ಇದು 1/150 ಗ್ರಾಂ, ಸುಮಾರು ಆರೂವರೆಯಿಂದ ಏಳು ಮಿಲಿಗ್ರಾಂ ಚಿನ್ನ. ಹಟ್ಟಿಯ ಗಣಿಯಿರುವ ಜಿಲ್ಲೆಯವರಾದ ನಿಮಗೆ ಇನ್ನೆರಡು ಮುದ್ರೆಗಳನ್ನೂ ಪರೀಕ್ಷಿಸುವ ಆಸಕ್ತಿ ಇರಬಹುದು: 18 ಕ್ಯಾರೆಟ್ಟಿನ 750 ಎಂದರೆ 750/1000 = 3/4, ಇದು 18/24ಕ್ಕೆ ಪೂರ್ತಿ ಸಮ; ಇಲ್ಲಿ ಏನನ್ನೂ ಬಿಡಬೇಕಾಗಿ ಬಂದಿಲ್ಲ. 14 ಕ್ಯಾರೆಟ್ಟಿಗೆ 14/24 = 7/12 = 0.58333… ಎಂದು ಬರುತ್ತದೆ. ಮುದ್ರೆಯಲ್ಲಿ ಇದಕ್ಕಿಂತ ತುಸು ಹೆಚ್ಚಾದ 585 ಇರುತ್ತದೆ.

ಪ್ರಶ್ನೆ: ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ 5ನ್ನು 6ರಿಂದ ಭಾಗಿಸಿದರೆ 0.8333333 ಬರುತ್ತದೆ. ಇದನ್ನು ಮತ್ತೆ ಭಿನ್ನರಾಶಿ ಮಾಡಲು ಹೋದರೆ 8333333/10000000 ಆಗುತ್ತದೆ, ಅದು ಸರಳವೇ ಆಗುವುದಿಲ್ಲ. 5/6 ಅನ್ನು ಹಿಂದಕ್ಕೆ ಪಡೆಯುವುದು ಹೇಗೆ? 0.999… ಎಂಬುದು 1ಕ್ಕೆ ಸಮ ಎನ್ನುತ್ತಾರೆ, ಅದು ನಿಜವೇ?
— ಪದವಿಪೂರ್ವ ವಿದ್ಯಾರ್ಥಿ, ಗಂಗಾವತಿ

ಉತ್ತರ: ನಿಮ್ಮ ಭಿನ್ನರಾಶಿ ಸರಳವಾಗದೆ ಇದ್ದುದಕ್ಕೆ ಕಾರಣವನ್ನು ಕುಷ್ಟಗಿಯ ವಿದ್ಯಾರ್ಥಿನಿಗೆ ಕೊಟ್ಟ ಉತ್ತರದಲ್ಲೇ ಕಾಣಬಹುದು: ಕೊನೆಯ ಅಂಕಿ 3 ಆಗಿರುವುದರಿಂದ ಅದು ಆಗಲೇ ಸರಳ ರೂಪದಲ್ಲಿದೆ. ಆದರೆ ಅದು 5/6 ಅಲ್ಲ, 5/6ಕ್ಕೆ ಹತ್ತಿರದ ಬೇರೊಂದು ಸಂಖ್ಯೆ. ಕ್ಯಾಲ್ಕುಲೇಟರ್ ಪರದೆಯಲ್ಲಿ ಜಾಗ ಮುಗಿದಲ್ಲಿ ನಿಲ್ಲಿಸಿತು. ಸಂಖ್ಯೆ ಅಲ್ಲಿ ನಿಂತಿಲ್ಲ.

ಅಂತ್ಯಗೊಳ್ಳದ ಆವರ್ತ ದಶಮಾಂಶವನ್ನು ಭಿನ್ನರಾಶಿ ಮಾಡುವ ಉಪಾಯವೆಂದರೆ ಕೊನೆಯಿಲ್ಲದ ಬಾಲವನ್ನು ಕಳೆಯುವ ಲೆಕ್ಕದಿಂದ ಅಳಿಸಿಹಾಕುವುದು. ಬೇಕಾದ ಸಂಖ್ಯೆಯನ್ನು ‘ಯ’ ಎನ್ನೋಣ. ಯ = 0.8333… ಆದರೆ 10ಯ = 8.333…, 100ಯ = 83.333… ಆಗುತ್ತದೆ. ಕೊನೆಯ ಎರಡರಲ್ಲೂ ಬಿಂದುವಿನ ನಂತರದ ಭಾಗ ಒಂದೇ ಆಗಿರುವುದರಿಂದ ಒಂದರಿಂದ ಇನ್ನೊಂದನ್ನು ಕಳೆದಾಗ ಅದು ಪೂರ್ತಿಯಾಗಿ ಹೋಗಿ 90ಯ = 75 ಉಳಿಯುತ್ತದೆ. ಯ = 75/90 = 5/6. ಇದೇ ಕ್ರಮದಲ್ಲಿ ಮೇಲಿನ ಬಂಗಾರದ 0.91666… ಅನ್ನು ತೆಗೆದುಕೊಂಡರೆ 1000ಯ − 100ಯ = 916 − 91, ಅಂದರೆ 900ಯ = 825.

ಈಗ 825/900 ಅನ್ನು ಸರಳಗೊಳಿಸುವಾಗ ಕೊನೆಯ ಅಂಕಿಯ ಸೂತ್ರ ಸಾಲದು, ಏಕೆಂದರೆ ಛೇದದಲ್ಲಿ 9 ಸೇರಿಕೊಂಡಿದೆ. ಇಲ್ಲಿ ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಮ.ಸಾ.ಅ., ಬೇಕಾಗುತ್ತದೆ, ಅದನ್ನು ಕಂಡುಹಿಡಿಯಲು ಯೂಕ್ಲಿಡ್‌ನ ಭಾಗಾಕಾರ ಕ್ರಮಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಉಳಿದ ಶೇಷದಿಂದ ಹಿಂದಿನ ಭಾಜಕವನ್ನು ಭಾಗಿಸುತ್ತಾ ಹೋಗಿ, ಶೇಷ ಸೊನ್ನೆಯಾದಾಗ ಇದ್ದ ಭಾಜಕವೇ ಮ.ಸಾ.ಅ. 900ನ್ನು 825ರಿಂದ ಭಾಗಿಸಿದರೆ ಶೇಷ 75. 825ನ್ನು 75ರಿಂದ ಭಾಗಿಸಿದರೆ ಸರಿಯಾಗಿ 11 ಸಲ, ಶೇಷ ಸೊನ್ನೆ. ಹಾಗಾಗಿ 75ರಿಂದ ಭಾಗಿಸಿದೊಡನೆ 11/12 ಸಿಗುತ್ತದೆ.

ಬಿಂದುವಿನ ನಂತರ ತಕ್ಷಣವೇ ಆವರ್ತನೆ ಆರಂಭವಾಗುವ ಸಂಖ್ಯೆಗಳಲ್ಲಿ ಕೆಲಸ ಇನ್ನೂ ಹಗುರ: ಆವರ್ತವಾಗುವ ಅಂಕಿಗಳನ್ನು ಅಂಶದಲ್ಲಿಟ್ಟು, ಅಷ್ಟೇ 9ಗಳನ್ನು ಛೇದದಲ್ಲಿಡಬೇಕು. 0.272727… = 27/99 = 3/11. 0.142857142857… = 142857/999999, ಇದು ಸರಳವಾಗಿ 1/7 ಆಗುತ್ತದೆ. ಏಳರಿಂದ ಭಾಗಿಸುವಾಗ ಉಳಿಯಬಹುದಾದ ಶೇಷಗಳು 1ರಿಂದ 6ರವರೆಗೆ ಮಾತ್ರ. ಆರನ್ನೂ ಬಳಸಿ ಮುಗಿಸಿದ ಮೇಲೆ ಹಳೆಯ ಶೇಷವೇ ಮತ್ತೆ ಬರಲೇಬೇಕು, ಆಗ ಅಂಕಿಗಳೂ ಅದೇ ಕ್ರಮದಲ್ಲಿ ಮರಳುತ್ತವೆ. ಯಾವ ಭಿನ್ನರಾಶಿಯನ್ನೇ ದಶಮಾಂಶವಾಗಿ ಬರೆದರೂ ಅದು ಒಂದೋ ಅಂತ್ಯಗೊಳ್ಳುತ್ತದೆ ಇಲ್ಲವೇ ಆವರ್ತವಾಗುತ್ತದೆ ಎಂಬುದಕ್ಕೆ ಇದೇ ಕಾರಣ. ಎರಡೂ ಆಗದೆ ಸಾಗುವ ಸಂಖ್ಯೆಗಳಿವೆ. 2ರ ವರ್ಗಮೂಲ ಅಂಥದ್ದು. ಅವು ಅಭಾಗಲಬ್ಧ ಸಂಖ್ಯೆಗಳು, ಅವುಗಳಿಗೆ ಭಿನ್ನರಾಶಿ ರೂಪವೇ ಇಲ್ಲ.

0.999… ವಿಷಯದಲ್ಲಿ ನೀವು ಕೇಳಿದ್ದು ನಿಜ. ಯ = 0.999… ಎಂದರೆ 10ಯ = 9.999…, ಕಳೆದರೆ 9ಯ = 9, ಯ = 1. ಅದು 1ರ ಹತ್ತಿರದ ಸಂಖ್ಯೆಯಲ್ಲ. 1ನ್ನೇ ಬರೆಯುವ ಇನ್ನೊಂದು ರೀತಿ. ಒಪ್ಪಲು ಮನಸ್ಸು ಹಿಂಜರಿದರೆ 1/3 = 0.333… ಎಂಬುದನ್ನು ಮೂರರಿಂದ ಗುಣಿಸಿ ನೋಡಿರಿ.

ಪ್ರಶ್ನೆ: ತುಂಗಭದ್ರಾ ಜಲಾಶಯದ ಸಾಮರ್ಥ್ಯ 105.788 ಟಿಎಂಸಿ ಅಡಿ ಎಂದು ಪತ್ರಿಕೆಗಳಲ್ಲಿ ಬರುತ್ತದೆ. ಇದನ್ನು ಭಿನ್ನರಾಶಿಯಲ್ಲಿ ಹೇಗೆ ಬರೆಯಬಹುದು, ಮತ್ತು ಹಾಗೆ ಏಕೆ ಬರೆಯುವುದಿಲ್ಲ?
— ಓದುಗರು, ಮುನಿರಾಬಾದ್

ಉತ್ತರ: ಕೊನೆಯ ಅಂಕಿ 8, ಹಾಗಾಗಿ 2ರಿಂದ ಮಾತ್ರ ಭಾಗಿಸಬೇಕು. 788/1000, 394/500, 197/250. ಎರಡನೇ ಸಲಕ್ಕೇ ಅಂಶ ಬೆಸಸಂಖ್ಯೆಯಾಯಿತು, ಆದ್ದರಿಂದ ಉತ್ತರ 105 ಪೂರ್ಣ 197/250 ಟಿಎಂಸಿ ಅಡಿ.

ಹಾಗೆ ಬರೆಯದಿರುವುದಕ್ಕೆ ಒಳ್ಳೆಯ ಕಾರಣವಿದೆ. ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ. ಅದರ ಸಾವಿರದ ಒಂದು ಭಾಗವೆಂದರೆ ಹತ್ತು ಲಕ್ಷ ಘನ ಅಡಿ. ಜಲಾಶಯದ ತಳ ಮತ್ತು ಹೂಳನ್ನು ಸಮೀಕ್ಷೆ ಮಾಡಿ ಪಡೆದ ಈ ಸಂಖ್ಯೆಯಲ್ಲಿ ಬಿಂದುವಿನ ನಂತರದ ಮೂರು ಅಂಕಿಗಳು, ಲೆಕ್ಕವನ್ನು ಎಲ್ಲಿಯವರೆಗೆ ಕೊಟ್ಟಿದ್ದಾರೆ ಎಂಬುದನ್ನೂ ತಿಳಿಸುತ್ತವೆ. 197/250 ಎಂದು ಬರೆದರೆ ಆ ಸೂಚನೆ ಕಳೆದುಹೋಗಿ, ಸಂಖ್ಯೆ ಕೂದಲೆಳೆಯಷ್ಟೂ ತಪ್ಪಿಲ್ಲದ್ದು ಎಂಬ ಭಾವನೆ ಮೂಡುತ್ತದೆ. ಅಳೆದು ಪಡೆದ ಪ್ರಮಾಣಗಳಿಗೆ ದಶಮಾಂಶ, ಹಂಚಿ ಪಡೆದ ಪಾಲುಗಳಿಗೆ ಭಿನ್ನರಾಶಿ ಎಂಬುದು ನನ್ನ ಅಭಿಪ್ರಾಯ. ನಿನ್ನೆಯ ಮಟ್ಟಕ್ಕೂ ಇಂದಿನ ಮಟ್ಟಕ್ಕೂ ಹೋಲಿಸಲು ಸಹ ದಶಮಾಂಶವೇ ಅನುಕೂಲ.

ಪ್ರಶ್ನೆ: ಭತ್ತದ ಚೀಲಗಳನ್ನು ಕ್ವಿಂಟಲ್‌ಗೆ ತರಲು ಪ್ರತಿ ಸಲ 0.75ರಿಂದ ಗುಣಿಸುತ್ತೇನೆ. ಬಾಯಿಲೆಕ್ಕಕ್ಕೆ ಸುಲಭದ ದಾರಿ ಇದೆಯೇ?
— ಅಂಗಡಿಯ ಲೆಕ್ಕ ಬರೆಯುವವರು, ಕಾರಟಗಿ

ಉತ್ತರ: ನಿಮ್ಮ ಕಡೆಯ ಭತ್ತದ ಚೀಲ 75 ಕೆ.ಜಿ.ಯದು, 0.75 = 75/100 = 3/4 ಕ್ವಿಂಟಲ್. ಆದ್ದರಿಂದ ಚೀಲಗಳ ಸಂಖ್ಯೆಯಿಂದ ಅದರ ಕಾಲುಭಾಗವನ್ನು ಕಳೆದರೆ ಕ್ವಿಂಟಲ್ ಸಿಗುತ್ತದೆ. 48 ಚೀಲಕ್ಕೆ 48 − 12 = 36 ಕ್ವಿಂಟಲ್; 37 ಚೀಲಕ್ಕೆ 37 − 9.25 = 27.75 ಕ್ವಿಂಟಲ್. ಹಿಂದಕ್ಕೆ, ಕ್ವಿಂಟಲ್‌ನಿಂದ ಚೀಲಕ್ಕೆ ಬರಲು ಮೂರನೇ ಒಂದು ಭಾಗವನ್ನು ಕೂಡಬೇಕು: 36 + 12 = 48. ಹಿಂದಿರುಗುವಾಗ ಕಾಲುಭಾಗವನ್ನೇ ಕೂಡಿದರೆ 45 ಬಂದು ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ನಾವು ಆಣೆಯ ಲೆಕ್ಕದಲ್ಲಿ ಬೆಳೆದವರು. ಒಂದಾಣೆಗೆ ಸರಿಯಾಗಿ ಎಷ್ಟು ಪೈಸೆ? ನಯಾಪೈಸೆ ಬಂದಾಗ ನಾಲ್ಕಾಣೆ ಎಂಟಾಣೆ ಸರಿಹೊಂದಿದಂತೆ ಉಳಿದವು ಏಕೆ ಹೊಂದಲಿಲ್ಲ?
— ಹಿರಿಯ ಓದುಗರು, ಯಲಬುರ್ಗಾ

ಉತ್ತರ: 1957ರ ಏಪ್ರಿಲ್ 1ರಂದು ರೂಪಾಯಿಯನ್ನು ನೂರು ಭಾಗ ಮಾಡುವ ಮೊದಲು ಹದಿನಾರು ಆಣೆಗೆ ಒಂದು ರೂಪಾಯಿ ಇದ್ದುದು ತಮಗೆ ತಿಳಿದೇ ಇದೆ. ಒಂದಾಣೆ ಎಂದರೆ 1/16 ರೂಪಾಯಿ, ದಶಮಾಂಶದಲ್ಲಿ 0.0625, ಅಂದರೆ ಆರೂಕಾಲು ಪೈಸೆ. ಹದಿನಾರು ಎಂದರೆ ನಾಲ್ಕು 2ಗಳ ಗುಣಲಬ್ಧ. ಅದನ್ನು ಹತ್ತರ ಲೆಕ್ಕಕ್ಕೆ ತರಲು ನಾಲ್ಕು ಸ್ಥಾನಗಳು ಬೇಕು, ಪೈಸೆಯಲ್ಲಿ ಎರಡೇ ಸ್ಥಾನಗಳಿದ್ದವು. 4/16 = 1/4, 8/16 = 1/2, 12/16 = 3/4 ಎಂದು ಸರಳವಾದಾಗ ಮಾತ್ರ ಛೇದ ಚಿಕ್ಕದಾಗಿ ನೂರನ್ನು ಸರಿಯಾಗಿ ಭಾಗಿಸುತ್ತದೆ. ಆದ್ದರಿಂದಲೇ 25, 50, 75 ಪೈಸೆ ಹೊಂದಿಕೊಂಡವು. ಎರಡಾಣೆಯ ಹನ್ನೆರಡೂವರೆ, ಆರಾಣೆಯ ಮೂವತ್ತೇಳೂವರೆ ಪೈಸೆಗಳು ಹೊಂದಲಿಲ್ಲ.

ಪ್ರಶ್ನೆ: ಆರನೇ ತರಗತಿಯ ನನ್ನ ಮಕ್ಕಳಲ್ಲಿ ಹಲವರು 3/8 ಅನ್ನು 3.8 ಎಂದು ಬರೆಯುತ್ತಾರೆ. 0.48 ದೊಡ್ಡದು, 0.5 ಚಿಕ್ಕದು ಎನ್ನುತ್ತಾರೆ. ತಿದ್ದಿದರೂ ಮರುದಿನ ಅದೇ. ಇದಕ್ಕೆ ಏನು ಮಾಡಬೇಕು? ಮಕ್ಕಳಿಗೆ ಹೇಳಲು ನಮ್ಮ ನಾಡಿನ ಗಣಿತದ ಸಂಗತಿ ಏನಾದರೂ ಇದೆಯೇ?
— ಪ್ರಾಥಮಿಕ ಶಾಲೆಯ ಶಿಕ್ಷಕಿ, ಮಾನ್ವಿ

ಉತ್ತರ: ಟೀಚರ್, ಎರಡೂ ತಪ್ಪುಗಳ ಬೇರು ಒಂದೇ ಎಂದು ನನಗೆ ತೋರುತ್ತದೆ. ಮಕ್ಕಳು ಬಿಂದುವನ್ನು ಎರಡು ಪೂರ್ಣಸಂಖ್ಯೆಗಳ ನಡುವಿನ ಗೋಡೆಯೆಂದು ಭಾವಿಸುತ್ತಾರೆ. ಬಲಗಡೆಯ ಅಂಕಿಗಳು ಒಂದರ ತುಂಡುಗಳು ಎಂಬುದು ಅವರಿಗೆ ಕಾಣುವುದಿಲ್ಲ. ಹಣದ ಲೆಕ್ಕವೂ ಈ ಭ್ರಮೆಗೆ ಇಂಬು ಕೊಡುತ್ತದೆ, ಏಕೆಂದರೆ 5.50 ಅನ್ನು ಐದು ರೂಪಾಯಿ ಐವತ್ತು ಪೈಸೆ ಎಂದು ಎರಡು ಸಂಖ್ಯೆಗಳಾಗಿಯೇ ಓದಿ ಅಭ್ಯಾಸವಾಗಿರುತ್ತದೆ. ಅದೇ ಮಗುವಿಗೆ 5.5 ಕೊಟ್ಟರೆ ಐದು ರೂಪಾಯಿ ಐದು ಪೈಸೆ ಎನ್ನುತ್ತದೆ.

ಮೊದಲು ಓದುವ ಕ್ರಮವನ್ನು ಬದಲಿಸಿ ನೋಡಿರಿ. 0.48 ಅನ್ನು ‘ಸೊನ್ನೆ ಬಿಂದು ನಲವತ್ತೆಂಟು’ ಎನ್ನಲು ಬಿಡದೆ, ‘ನೂರರಲ್ಲಿ ನಲವತ್ತೆಂಟು’ ಎಂದೂ, 0.5 ಅನ್ನು ‘ಹತ್ತರಲ್ಲಿ ಐದು’ ಎಂದೂ ಓದಿಸಿರಿ. ಹಾಗೆ ಓದಿದ ಮಗು ದಶಮಾಂಶವನ್ನು ಭಿನ್ನರಾಶಿಗೆ ಪರಿವರ್ತಿಸುವ ಮೊದಲ ಹೆಜ್ಜೆಯನ್ನು ಬಾಯಲ್ಲೇ ಮುಗಿಸಿರುತ್ತದೆ. ಚೌಕುಳಿ ಹಾಳೆಯಲ್ಲಿ ಹತ್ತು ಸಾಲು, ಹತ್ತು ಕಂಬದ ಚೌಕ ಬರೆಸಿ, ಒಂದರಲ್ಲಿ 48 ಮನೆಗಳಿಗೂ ಇನ್ನೊಂದರಲ್ಲಿ ಐದು ಪೂರ್ತಿ ಸಾಲುಗಳಿಗೂ ಬಣ್ಣ ತುಂಬಿಸಿದರೆ ಯಾವುದು ದೊಡ್ಡದೆಂಬ ವಾದಕ್ಕೆ ಎಡೆಯೇ ಇರುವುದಿಲ್ಲ. ಅದೇ ಚಿತ್ರದಲ್ಲಿ 0.5 ಮತ್ತು 0.50 ಒಂದೇ ಎಂಬುದೂ ಕಣ್ಣಿಗೆ ಬೀಳುತ್ತದೆ.

3/8ರ ವಿಷಯದಲ್ಲಿ, ಲೆಕ್ಕ ಮಾಡುವ ಮೊದಲು ಉತ್ತರ ಒಂದಕ್ಕಿಂತ ಚಿಕ್ಕದೋ ದೊಡ್ಡದೋ ಎಂದು ಹೇಳಿಸುವ ಅಭ್ಯಾಸ ಮಾಡಿಸಿರಿ. ಅಂಶವು ಛೇದಕ್ಕಿಂತ ಚಿಕ್ಕದಾದ್ದರಿಂದ 3/8 ಒಂದಕ್ಕಿಂತ ಚಿಕ್ಕದು, 3.8 ಮೂರಕ್ಕಿಂತ ದೊಡ್ಡದು. ಎರಡೂ ಸಮವಾಗಲು ಸಾಧ್ಯವೇ ಇಲ್ಲ ಎಂದು ಮಗುವೇ ಹೇಳಬೇಕು. ಅರ್ಧ 0.5, ಅದರ ಅರ್ಧ 0.25, ಅದರ ಅರ್ಧ 0.125 ಎಂದು ಇಳಿಸಿಕೊಂಡು ಬಂದು, 0.125 ಎಂದರೆ 1/8 ಎಂದು ಗುರುತಿಸಿದ ಮೇಲೆ, ಅದನ್ನು ಮೂರು ಸಲ ಕೂಡಿ 0.375 ಎಂದು ಪಡೆಯುವುದು ಅವರಿಗೆ ಭಾಗಾಕಾರಕ್ಕಿಂತ ಹಿತವಾಗಿರುತ್ತದೆ.

ನಮ್ಮ ನಾಡಿನ ಸಂಗತಿ ಕೇಳಿದ್ದೀರಿ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹದಲ್ಲಿ ಭಿನ್ನರಾಶಿಗಳಿಗೆ ದೊಡ್ಡ ಭಾಗವೇ ಮೀಸಲಾಗಿದೆ. ಬೇರೆ ಬೇರೆ ಛೇದಗಳ ಭಿನ್ನರಾಶಿಗಳನ್ನು ಕೂಡಲು ಛೇದಗಳ ಲಘುತ್ತಮ ಸಾಮಾನ್ಯ ಅಪವರ್ತ್ಯವನ್ನು, ಅಂದರೆ ಲ.ಸಾ.ಅ.ವನ್ನು, ತೆಗೆದುಕೊಳ್ಳುವ ಕ್ರಮವನ್ನು ಅವನು ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾನೆ. ಅದಕ್ಕೆ ಅವನು ‘ನಿರುದ್ಧ’ ಎಂಬ ಹೆಸರನ್ನು ಬಳಸಿದ್ದಾನೆ. ಆ ಕಾಲದಲ್ಲಿ ಅಂಶವನ್ನು ಮೇಲೆ, ಛೇದವನ್ನು ಕೆಳಗೆ ಬರೆಯುತ್ತಿದ್ದರು, ನಡುವೆ ಗೆರೆ ಎಳೆಯುತ್ತಿರಲಿಲ್ಲ. ದಶಮಾಂಶ ಭಿನ್ನರಾಶಿಗಳು ಯೂರೋಪಿನಲ್ಲಿ ಜನಬಳಕೆಗೆ ಬರಲು ಕಾರಣವಾದ ಸೈಮನ್ ಸ್ಟೆವಿನ್‌ನ ಕಿರುಹೊತ್ತಿಗೆ ಪ್ರಕಟವಾದದ್ದು 1585ರಲ್ಲಿ. ಎಂದರೆ ಮಾನ್ವಿಯ ಮಕ್ಕಳು ಇಂದು ಕಲಿಯುತ್ತಿರುವ ಎರಡು ಬರಹಗಳಲ್ಲಿ 3/8 ಎಂಬ ಬಗೆಯದು ಈ ನೆಲದಲ್ಲಿ ಬಹಳ ಹಳೆಯದು, 0.375 ಎಂಬ ಬಗೆಯದು ಅದಕ್ಕೆ ಹೋಲಿಸಿದರೆ ಹೊಸದು. ತರಗತಿಯಲ್ಲಿಯೂ ಅದೇ ಕ್ರಮವನ್ನು ಅನುಸರಿಸಿ, ಭಿನ್ನರಾಶಿ ಗಟ್ಟಿಯಾದ ಮೇಲಷ್ಟೇ ಬಿಂದುವಿಗೆ ಬರುವುದು ಒಳ್ಳೆಯದೆಂದು ನನ್ನ ಸಲಹೆ, 0.2, 0.25, 0.125, 0.375, 0.625, 0.875 ಈ ಆರನ್ನು ಮಕ್ಕಳು ಎರಡೂ ದಿಕ್ಕಿನಲ್ಲಿ ತಡವರಿಸದೆ ಹೇಳುವಂತಾದರೆ ಮುಂದಿನ ಪಾಠಕ್ಕೆ ಹೋಗಬಹುದು.